ಅಗ್ಗದ ಆಟದ ಪೆಟ್ಟಿಗೆಯ ಆಯುಷ್ಯ

ಯಂತ್ರವೊಂದು ಪೇಟೆಗೆ ಬಂದು ನಾಲ್ಕಾರು ವರ್ಷ ಕಳೆಯಿತೆಂದರೆ ಅದರ ಬೆಲೆ ಇಳಿಯಬೇಕು ಎಂಬುದು ನಮ್ಮ ಸಂಸಾರಗಳ ಹಳೆಯ ನಂಬಿಕೆ. ಇಂದು ಕೊಳ್ಳಲಾರದುದನ್ನು ನಾಳೆ ಕೊಂಡರಾಯಿತೆಂದು ಕಾದವರಿಗೆ ರೇಡಿಯೋದ ವಿಷಯದಲ್ಲಾಗಲಿ, ಟೆಲಿವಿಷನ್ನಿನ ವಿಷಯದಲ್ಲಾಗಲಿ, ಕಂಪ್ಯೂಟರಿನ ವಿಷಯದಲ್ಲಾಗಲಿ ಆ ತಾಳ್ಮೆಯ ಫಲ ದೊರೆಯದೆ ಹೋಗಲಿಲ್ಲ. ವಿಡಿಯೋ ಗೇಮ್ ಕನ್ಸೋಲ್ ಎಂದು ಕರೆಯುವ ಆಟದ ಯಂತ್ರದಲ್ಲಿ ಮಾತ್ರ ಈ ಲೆಕ್ಕ ಈಗ ತಲೆಕೆಳಗಾಗಿದೆ. ಸೋನಿ ಕಂಪೆನಿಯ ಪ್ಲೇಸ್ಟೇಷನ್ 5 ಎಂಬ ಯಂತ್ರ 2021ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದಾಗ ಅದರ ಬೆಲೆ 49,990 ರೂಪಾಯಿ. 2022ರ ನವೆಂಬರಿನಲ್ಲಿ ಅದು 54,990 ಆಯಿತು. ಅಮೆರಿಕದಲ್ಲಿ 2025ರ ಆಗಸ್ಟ್ ತಿಂಗಳಲ್ಲಿ ಅದೇ ಯಂತ್ರಕ್ಕೆ 50 ಡಾಲರ್ ಏರಿತು. ಮೈಕ್ರೋಸಾಫ್ಟ್ ಕಂಪೆನಿ ಕಡಿಮೆ ವರಮಾನದವರಿಗೆಂದೇ 2020ರಲ್ಲಿ 299 ಡಾಲರಿಗೆ ತಂದಿದ್ದ ಎಕ್ಸ್‌ಬಾಕ್ಸ್ ಸೀರೀಸ್ ಎಸ್ 2025ರ ಅಕ್ಟೋಬರಿನ ಹೊತ್ತಿಗೆ ಹೆಚ್ಚುಕಡಿಮೆ 400 ಡಾಲರಿಗೆ ಬಂದು ನಿಂತಿತು. ಐದು ವರ್ಷ ಕಾದವನು ಕಾದದ್ದಕ್ಕೆ ದಂಡ ತೆತ್ತಂತಾಯಿತು.

ಕಾರಣಗಳನ್ನು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಹಿಂದೆ ಕೆಲವು ವರ್ಷಗಳಿಗೊಮ್ಮೆ ಚಿಪ್ಪುಗಳ ಗಾತ್ರ ಕುಗ್ಗುತ್ತಿತ್ತು, ಗಾತ್ರದೊಡನೆ ಖರ್ಚೂ ಕುಗ್ಗುತ್ತಿತ್ತು. ಈಗ ಗಾತ್ರ ಕುಗ್ಗಿದರೂ ಖರ್ಚು ಹಿಂದಿನಂತೆ ಕುಗ್ಗುತ್ತಿಲ್ಲ. ಅಮೆರಿಕ 2025ರಲ್ಲಿ ಹೇರಿದ ಆಮದು ಸುಂಕ ಒಂದು ಕಡೆ. ಕೃತಕ ಬುದ್ಧಿಮತ್ತೆಗಾಗಿ ಕಟ್ಟುತ್ತಿರುವ ಭಾರಿ ಗಣಕಾಗಾರಗಳು ಮೆಮೊರಿ ಚಿಪ್ಪುಗಳನ್ನು ರಾಶಿರಾಶಿಯಾಗಿ ಎತ್ತಿಕೊಂಡು ಹೋಗಿ ಆ ವರ್ಷದ ಕೊನೆಯಲ್ಲಿ ಅವುಗಳ ದರವನ್ನು ಏರಿಸಿದ್ದು ಇನ್ನೊಂದು ಕಡೆ.

ದೊಡ್ಡವರು ಮೇಲಕ್ಕೆ ಸರಿದಾಗ ಕೆಳಗೆ ಒಂದಿಷ್ಟು ಜಾಗ ತೆರವಾಗುವುದು ಸಹಜ. ಅದನ್ನು ತುಂಬುತ್ತೇವೆಂದು ಹೊಸ ತಯಾರಕರು ಬರುತ್ತಿದ್ದಾರೆ, ಹಿಂದೆಯೂ ಬಂದಿದ್ದರು. ಇವರ ಯಂತ್ರದ ಬೆಲೆ ಎಷ್ಟು, ಅದರಲ್ಲಿ ಚಿತ್ರ ಎಷ್ಟು ಸೊಗಸಾಗಿ ಕಾಣುತ್ತದೆ ಎಂಬುದನ್ನು ಎಲ್ಲರೂ ಕೇಳುತ್ತಾರೆ. ಅದರ ಆಯುಷ್ಯ ಎಷ್ಟು, ತಯಾರಕ ಅಂಗಡಿ ಮುಚ್ಚಿದ ಮೇಲೂ ಅದು ಆಡುವುದೇ ಎಂಬ ಪ್ರಶ್ನೆಯನ್ನು ಕೇಳಿದವರು ಕಡಮೆ. ಬಡವನ ಮನೆಗೆ ಬರುವ ವಸ್ತುವಿನ ವಿಷಯದಲ್ಲಿ ಮೊದಲು ಕೇಳಬೇಕಾದದ್ದು ಇದೇ ಎಂದು ನಮಗೆ ತೋರುತ್ತದೆ. ಸಿರಿವಂತನು ಕೆಟ್ಟದ್ದನ್ನು ಎಸೆದು ಬೇರೊಂದನ್ನು ತರುತ್ತಾನೆ. ಇವನಿಗೆ ಬರುವುದು ಒಂದೇ.

ಈ ವ್ಯಾಪಾರದ ಗುಟ್ಟನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ. ದೊಡ್ಡ ಕಂಪೆನಿಗಳು ಯಂತ್ರವನ್ನು ಅಸಲಿಗೆ, ಕೆಲವು ವೇಳೆ ಅಸಲಿಗಿಂತ ಕಡಿಮೆಗೆ ಮಾರುವುದುಂಟು. ನಷ್ಟವನ್ನು ಅವರು ತುಂಬಿಕೊಳ್ಳುವುದು ಆಟಗಳಿಂದ: ಬೇರೆಯವರು ಬರೆದ ಆಟ ಒಂದೊಂದು ಮಾರಾಟವಾದಾಗಲೂ ಅದರಲ್ಲಿ ಒಂದು ಪಾಲು ಯಂತ್ರದ ಒಡೆಯನಿಗೆ ಸಲ್ಲುತ್ತದೆ. ಹೀಗೆ ಮಾಡಲು ಮೊದಲ ಎರಡು ಮೂರು ವರ್ಷ ನಷ್ಟವನ್ನು ಸಹಿಸುವಷ್ಟು ಬಂಡವಾಳ ಬೇಕು, ಕೋಟಿಗಟ್ಟಲೆ ಗಿರಾಕಿಗಳು ಬಂದೇ ಬರುತ್ತಾರೆಂಬ ಧೈರ್ಯ ಬೇಕು. ಹೊಸಬನಿಗೆ ಎರಡೂ ಇರುವುದಿಲ್ಲ. ಹಾಗಿದ್ದೂ ಅವನು ದೊಡ್ಡವರಿಗಿಂತ ಅಗ್ಗವಾಗಿ ಕೊಡುತ್ತೇನೆ ಎನ್ನುತ್ತಾನೆ. ಆ ಅಗ್ಗದ ಬೆಲೆಯ ಉಳಿದ ಅರ್ಧವನ್ನು ಯಾರು ಕೊಡುತ್ತಾರೆ?

2012ರ ಜುಲೈಯಲ್ಲಿ ಅಮೆರಿಕದಲ್ಲಿ ಜೂಲಿ ಅರ್ಮನ್ ಎಂಬಾಕೆ ಊಯಾ ಎಂಬ ಹೆಸರಿನ ಯಂತ್ರವನ್ನು ಜನರ ಮುಂದಿಟ್ಟರು. ಅಂಗೈಯಲ್ಲಿ ಕೂರುವ ಘನಾಕೃತಿ, ಬೆಲೆ 99 ಡಾಲರ್. ಕಿಕ್‌ಸ್ಟಾರ್ಟರ್ ಎಂಬ ಚಂದಾ ಎತ್ತುವ ವ್ಯವಸ್ಥೆಯಲ್ಲಿ ಅವರು ಕೇಳಿದ್ದು 9,50,000 ಡಾಲರ್. ಅದು ಎಂಟು ಗಂಟೆಯೊಳಗೆ ತುಂಬಿತು. ತಿಂಗಳು ಮುಗಿಯುವಾಗ 63,000ಕ್ಕೂ ಹೆಚ್ಚು ಜನ ಸೇರಿ ಸುಮಾರು 86 ಲಕ್ಷ ಡಾಲರ್ ಕೊಟ್ಟಿದ್ದರು. ಯಾರು ಬೇಕಾದರೂ ಇದಕ್ಕೆ ಆಟ ಬರೆಯಬಹುದು, ಪ್ರತಿಯೊಂದು ಆಟವನ್ನೂ ಕೊಳ್ಳುವ ಮೊದಲು ಸ್ವಲ್ಪವಾದರೂ ಬಿಟ್ಟಿಯಾಗಿ ಆಡಿ ನೋಡಬಹುದು ಎಂಬುದು ಕರಾರು. ದೊಡ್ಡವರ ಕೋಟೆಗೆ ಕನ್ನ ಹಾಕುವ ಕಾಲ ಬಂತೆಂದು ಅನೇಕರು ಹಿಗ್ಗಿದರು. ಆ ಹಿಗ್ಗಿನಲ್ಲಿ ಪ್ರಾಮಾಣಿಕತೆ ಇತ್ತು.

2013ರ ಜೂನ್ ತಿಂಗಳಲ್ಲಿ ಯಂತ್ರ ಅಂಗಡಿಗೆ ಬಂತು. ಅದರ ಹೊಟ್ಟೆಯಲ್ಲಿದ್ದದ್ದು ಟೆಲಿಫೋನಿಗೆ ಬಳಸುತ್ತಿದ್ದ ಚಿಪ್ಪು. ಅಷ್ಟು ಹೊತ್ತಿಗೆ ಜನರ ಜೇಬಿನ ಟೆಲಿಫೋನುಗಳೇ ಅದನ್ನು ಮೀರಿ ನಡೆದಿದ್ದವು. ಬಿಟ್ಟಿಯಾಗಿ ಆಡಿದವರು ಆಡಿಯೇ ತೃಪ್ತರಾದರು, ಕೊಂಡವರು ವಿರಳ. ಈ ಯಂತ್ರದಲ್ಲೇ ಹುಟ್ಟಿದ ಟವರ್‌ಫಾಲ್ ಎಂಬ ಒಳ್ಳೆಯ ಆಟವೊಂದು ಮರುವರ್ಷ ದೊಡ್ಡವರ ಯಂತ್ರಗಳಿಗೂ ಹೋಗಿ ಅಲ್ಲಿ ಹೆಸರು ಗಳಿಸಿತು. 2015ರಲ್ಲಿ ರೇಜರ್ ಎಂಬ ಕಂಪೆನಿ ಊಯಾದ ಅಂಗಡಿಯನ್ನೂ ಕೆಲಸಗಾರರನ್ನೂ ತನ್ನೊಳಕ್ಕೆ ಸೇರಿಸಿಕೊಂಡಿತು, ಯಂತ್ರವನ್ನು ಮುಂದುವರಿಸಲಿಲ್ಲ. 2019ರ ಜೂನ್ 25ರಂದು ಅಂಗಡಿಗೂ ಬೀಗ ಬಿತ್ತು. ಕೊಂಡಿದ್ದ ಆಟಗಳಲ್ಲಿ, ಇವನು ದುಡ್ಡು ಕೊಟ್ಟದ್ದು ನಿಜವೇ ಎಂದು ದೂರದ ಅಂಗಡಿಯನ್ನು ಕೇಳಿಕೊಂಡೇ ತೆರೆಯುವಂಥವು ಅಂದಿಗೆ ಮೂಕವಾದವು. ದುಡ್ಡು ಕೊಟ್ಟವನು ಬದುಕಿದ್ದಾನೆ, ಪೆಟ್ಟಿಗೆ ಕೆಟ್ಟಿಲ್ಲ, ಟೆಲಿವಿಷನ್ನೂ ಇದೆ. ಆಟ ಮಾತ್ರ ಇಲ್ಲ.

ಊಯಾ ಕೊಟ್ಟ ಮಾತಿನಂತೆ ಯಂತ್ರವನ್ನಾದರೂ ತಲಪಿಸಿತು. ಎಲ್ಲರೂ ಅಷ್ಟನ್ನೂ ಮಾಡಿದವರಲ್ಲ. ಕೊಲೀಕೊ ಕೆಮೀಲಿಯನ್ ಎಂಬ ಯಂತ್ರದ ಮಾದರಿಯನ್ನು 2016ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಆಟಿಕೆಗಳ ಪ್ರದರ್ಶನದಲ್ಲಿ ತೋರಿಸಿದಾಗ, ಹೊಸ ಕವಚದೊಳಗೆ ಕುಳಿತಿರುವುದು ನಿಂಟೆಂಡೋ ಕಂಪೆನಿಯ ಹಳೆಯ ಯಂತ್ರವೇ ಎಂಬುದನ್ನು ಹಿಂಭಾಗದ ಚಿತ್ರ ನೋಡಿಯೇ ಬಲ್ಲವರು ಗುರುತಿಸಿದರು. ಮುಂದೆ ಪಾರದರ್ಶಕ ಕವಚದ ಇನ್ನೊಂದು ಚಿತ್ರ ಬಂತು. ಅದರೊಳಗಿದ್ದದ್ದು ವಿಡಿಯೋ ಹಿಡಿಯುವ ಹಳೆಯ ಕಾರ್ಡು! ಇಂಟೆಲಿವಿಷನ್ ಅಮೀಕೊ ಎಂಬುದು 2020ರ ಅಕ್ಟೋಬರ್ 10ಕ್ಕೆ ಬರುತ್ತದೆಂದು ಸಾರಿ, ಜನರಿಂದ ಹಣ ಎತ್ತಿ, ದಿನ ಮುಂದೂಡುತ್ತಲೇ ಹೋಯಿತು. 2024ರಲ್ಲಿ ಆ ಹೆಸರನ್ನೇ ಅಟಾರಿ ಕಂಪೆನಿ ಕೊಂಡುಕೊಂಡಿತು. ಇವುಗಳ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾದುದಿಲ್ಲ.

ಬಡ ದೇಶಗಳಿಗೆಂದೇ ಯೋಚಿಸಿ ಮಾಡಿದ ಯಂತ್ರದ ಕಥೆ ಬೇರೆ. ಅಮೆರಿಕದ ಕ್ವಾಲ್ಕಾಮ್ ಮತ್ತು ಬ್ರೆಜಿಲ್ಲಿನ ಟೆಕ್‌ಟಾಯ್ ಎರಡೂ ಸೇರಿ 2009ರಲ್ಲಿ ಜೀಬೋ ಎಂಬುದನ್ನು ಬ್ರೆಜಿಲ್ಲಿನ ಪೇಟೆಗೆ ತಂದವು. ಆಗ ಅದರ ಬೆಲೆ 499 ರಿಯಾಲ್. ಮುಂದೆ ಮೆಕ್ಸಿಕೋಗೂ ಬಂತು. ಭಾರತ, ಚೀನ, ರಷ್ಯಗಳೂ ಅದರ ಪಟ್ಟಿಯಲ್ಲಿದ್ದವು. ಬ್ರೆಜಿಲ್ಲಿನಲ್ಲಿ ಆಮದು ತೆರಿಗೆಯ ಭಾರದಿಂದ ಹೊರದೇಶದ ಯಂತ್ರಗಳು ಮಧ್ಯಮ ವರ್ಗದವರಿಗೆ ಎಟುಕುತ್ತಿರಲಿಲ್ಲ. ಎಟುಕಿದ ಕಡೆ ಆಟಗಳೆಲ್ಲ ಕಳ್ಳಪ್ರತಿಗಳು. ಜೀಬೋ ಇದಕ್ಕೆ ಒಂದು ಉಪಾಯ ಹೂಡಿತು: ತಟ್ಟೆಯೂ ಇಲ್ಲ, ಕ್ಯಾಸೆಟ್ಟೂ ಇಲ್ಲ; ಟೆಲಿಫೋನಿನ ತರಂಗಗಳ ಮೂಲಕವೇ ಆಟ ಯಂತ್ರಕ್ಕಿಳಿಯಬೇಕು, ಆಗ ನಕಲು ಮಾಡಲು ದಾರಿ ಇರದು. ಕಾಗದದ ಮೇಲೆ ಇದು ನಿರ್ದುಷ್ಟವಾದ ಯೋಜನೆ. ಆದರೆ ಕೈಯಲ್ಲಿ ಹಿಡಿದು ಗೆಳೆಯನಿಗೆ ಎರವಲು ಕೊಡಲಾಗದ, ಹಳೆಯದಾದ ಮೇಲೆ ಮಾರಲಾಗದ ಆಟವನ್ನು ಕೊಳ್ಳಲು ಜನ ಮುಂದಾಗಲಿಲ್ಲ. ಬ್ರೆಜಿಲ್ಲಿನಲ್ಲಿ ಹೆಚ್ಚಿನವರ ಒಲವು ಹಳೆಯ ಪ್ಲೇಸ್ಟೇಷನ್ 2ರ ಕಡೆಗೇ ಇತ್ತು. 2011ರಲ್ಲಿ ಜೀಬೋ ಮುಗಿಯಿತು. ಬಡವರು ಕಡಿಮೆಯದನ್ನು ಕೊಳ್ಳುತ್ತಾರೆ ನಿಜ, ಕಡಿಮೆ ಹಕ್ಕನ್ನು ಕೊಳ್ಳುವುದಿಲ್ಲ.

ಬಡವರಿಗಾಗಿ ಯಂತ್ರ ಮಾಡುವ ಈ ಸಂಕಲ್ಪ ನಮ್ಮ ಬೆಂಗಳೂರಿಗೂ ಹೊಸದಲ್ಲ. ಭಾರತೀಯ ವಿಜ್ಞಾನ ಮಂದಿರದ ಪ್ರಾಧ್ಯಾಪಕರೂ ನಗರದ ಇಂಜಿನಿಯರುಗಳೂ ಸೇರಿ ರೂಪಿಸಿದ ಸಿಂಪ್ಯೂಟರ್ 2004ರಲ್ಲಿ ಸುಮಾರು 10,000 ರೂಪಾಯಿಗೆ ಪೇಟೆಗೆ ಬಂದಾಗ ದೇಶವೇ ಹೆಮ್ಮೆಪಟ್ಟಿತು. ಮಾರಾಟವಾದದ್ದು ಕೆಲವೇ ಸಾವಿರ. ಅದು ಆಟದ ಯಂತ್ರವಲ್ಲವಾದರೂ ಈ ಮಾತಿಗೆ ಸಂಬಂಧಪಟ್ಟಿದೆ. ಅಗ್ಗವೆಂಬುದು ಸದುದ್ದೇಶದಿಂದ ಹುಟ್ಟುವುದಿಲ್ಲ; ಲಕ್ಷಗಟ್ಟಲೆ ತಯಾರಾದಾಗ ತಾನಾಗಿ ಹುಟ್ಟುತ್ತದೆ.

ಹಾಗೆ ತಾನಾಗಿ ಹುಟ್ಟಿದ ಯಂತ್ರವೊಂದಿದೆ. ಅದನ್ನು ವಾಚಕರಲ್ಲಿ ಬಹುಮಂದಿ ಕಣ್ಣಾರೆ ಕಂಡಿರಬೇಕು, ಕೈಯಾರೆ ಆಡಿರಲೂಬೇಕು. ನಿಂಟೆಂಡೋ ಕಂಪೆನಿ 1983ರ ಜುಲೈ 15ರಂದು ಜಪಾನಿನಲ್ಲಿ 14,800 ಯೆನ್ನಿಗೆ ಫ್ಯಾಮಿಕಾಮ್ ಎಂಬ ಯಂತ್ರವನ್ನು ಬಿಡುಗಡೆ ಮಾಡಿತು. ಅದರ ಮಿದುಳು 6502 ಎಂಬ ಚಿಪ್ಪಿನ ಸಂತಾನ. ಆ ಮೂಲ ಚಿಪ್ಪು 1975ರಲ್ಲಿ 25 ಡಾಲರಿಗೆ ಬಂದು ಅಂದಿನ ಪೇಟೆಯನ್ನು ಬೆರಗುಗೊಳಿಸಿತ್ತು. ಫ್ಯಾಮಿಕಾಮ್ ಯಂತ್ರವನ್ನು ತೈವಾನಿನವರು ನಕಲು ಮಾಡಿದರು, ಚೀನದವರು ಮಾಡಿದರು. ಕಾಲಕ್ರಮದಲ್ಲಿ ಇಡೀ ಯಂತ್ರ ಒಂದೇ ಚಿಪ್ಪಿನೊಳಗೆ ಅಡಗಿ, ಹಲಗೆಯ ಮೇಲೆ ಕಪ್ಪು ಅಂಟಿನ ಒಂದು ಹನಿಯಾಗಿ ಕುಳಿತಿತು.

ಸೋವಿಯೆತ್ ಒಕ್ಕೂಟ ಕುಸಿದ ಮರುವರ್ಷ, 1992ರ ಕೊನೆಯಲ್ಲಿ, ಮಾಸ್ಕೋದ ಸ್ಟೀಪ್ಲರ್ ಎಂಬ ಸಂಸ್ಥೆ ಈ ನಕಲಿಗೆ ಡೆಂಡಿ ಎಂದು ಹೆಸರಿಟ್ಟು, ಆನೆಮರಿಯ ಚಿತ್ರ ಅಂಟಿಸಿ ಮಾರಿತು. ನಿಂಟೆಂಡೋ ಆಗ ಅಲ್ಲಿ ಕಾಲಿಟ್ಟಿರಲೇ ಇಲ್ಲ. ಮೂಲ ಯಾವುದು, ನಕಲು ಯಾವುದು ಎಂಬ ಪ್ರಶ್ನೆ ರಷ್ಯದ ಮಕ್ಕಳಿಗೆ ಏಳಲಿಲ್ಲ. ಅವರ ಮಟ್ಟಿಗೆ ಆಟದ ಯಂತ್ರವೆಂದರೆ ಡೆಂಡಿಯೇ. 1994ರಲ್ಲಿ ಮೂಲದವರೇ ಬಂದು ನಕಲು ಮಾರುವವರೊಡನೆ ಒಪ್ಪಂದ ಮಾಡಿಕೊಂಡರು. ಎರಡು ವರ್ಷದಲ್ಲಿ ಸ್ಟೀಪ್ಲರ್ ಮುಳುಗಿತು. ಡೆಂಡಿ ಮುಳುಗಲಿಲ್ಲ, ಬೇರೆಬೇರೆಯವರು ಅದೇ ಹೆಸರಿನಲ್ಲಿ ಅದನ್ನೇ ಮಾರುತ್ತ ಹೋದರು.

ಚೀನದಲ್ಲಿ ನಡೆದದ್ದು ಇನ್ನೂ ಸ್ವಾರಸ್ಯವಾದುದು. ಜೋಂಗ್‌ಶಾನ್ ನಗರದ ಕಾರ್ಖಾನೆಯೊಂದರಲ್ಲಿ ದುವಾನ್ ಯೊಂಗ್‌ಪಿಂಗ್ ಎಂಬಾತ ಇದೇ ನಕಲಿಗೆ ಒಂದು ಕೀಲಿಮಣೆ ಜೋಡಿಸಿ, ‘ಕಲಿಕೆಯ ಯಂತ್ರ’ ಎಂದು ಕರೆದು, ಸುಬೋರ್ ಎಂಬ ಹೆಸರಿನಲ್ಲಿ ಮಾರಿದ. ಬೆರಳಚ್ಚು ಕಲಿಯಲೆಂದು ತಂದೆತಾಯಿ ಕೊಂಡರು, ಮಾರಿಯೋ ಆಡಲೆಂದು ಮಕ್ಕಳು ಕೊಂಡರು, ಪೆಟ್ಟಿಗೆ ಒಂದೇ. (ನಮ್ಮಲ್ಲಿ ‘ಕೋಚಿಂಗಿಗೆ ಬೇಕು’ ಎಂದು ಮೊಬೈಲ್ ಕೊಡಿಸಿಕೊಳ್ಳುವ ಮಕ್ಕಳಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ.) ದುವಾನ್ 1995ರಲ್ಲಿ ಆ ಕಾರ್ಖಾನೆ ಬಿಟ್ಟು ಬಿಬಿಕೆ ಎಂಬ ಸಂಸ್ಥೆ ಕಟ್ಟಿದ. ಇಂದು ನಮ್ಮ ಹಳ್ಳಿಹಳ್ಳಿಯ ಮೊಬೈಲ್ ಅಂಗಡಿಯ ಹಣೆಯ ಮೇಲೆ ಹೊಳೆಯುವ ಒಪ್ಪೋ ಮತ್ತು ವಿವೋ ಎರಡೂ ಆ ಬಿಬಿಕೆಯ ಬಳ್ಳಿಯವೇ. ಅತ್ತ ಸುಬೋರ್ ಹೆಸರಿನಲ್ಲಿ 2018ರಲ್ಲಿ 4,998 ಯುವಾನಿನ ಬಲಿಷ್ಠ ಯಂತ್ರವೊಂದನ್ನು ಸಾರಿದವರು ಮರುವರ್ಷವೇ ತಮ್ಮ ತಂಡವನ್ನು ಚದುರಿಸಬೇಕಾಯಿತು.

ಭಾರತಕ್ಕೆ ಇದೇ ನಕಲು 1990ರ ದಶಕದಲ್ಲಿ ಮೀಡಿಯಾ, ಸಮುರಾಯ್ ಎಂಬ ಹೆಸರುಗಳಿಂದಲೂ, ಮುಂದೆ ಮಿತಾಶಿ ಎಂಬ ಹೆಸರಿನಿಂದಲೂ, ಹೆಸರೇ ಇಲ್ಲದೆಯೂ ಬಂತು. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಸಿಕ್ಕಿತು, ಊರ ಜಾತ್ರೆಯಲ್ಲಿಯೂ ಸಿಕ್ಕಿತು. ಕಾರ್ಟ್ರಿಡ್ಜನ್ನು ನಮ್ಮ ಮಕ್ಕಳು ಕ್ಯಾಸೆಟ್ ಎಂದರು. ಅದರ ಮೇಲೆ 99,99,999 ಆಟಗಳೆಂದು ಅಚ್ಚು ಹಾಕಿರುತ್ತಿತ್ತು, ಒಳಗಿದ್ದವು ಹತ್ತಿಪ್ಪತ್ತು. ಉಳಿದವೆಲ್ಲ ಅದೇ ಆಟ, ಬೇರೆ ಹೆಸರು. ಕ್ಯಾಸೆಟ್ ಹಿಡಿಯದಿದ್ದರೆ ಊದಿ ಹಾಕುವುದು, ಬೇಸರವಾದರೆ ಪಕ್ಕದ ಮನೆಯವನೊಡನೆ ಬದಲಿಸಿಕೊಳ್ಳುವುದು. ಈ ವ್ಯವಸ್ಥೆಗೆ ಯಾವ ಕಂಪೆನಿಯ ಅನುಮತಿಯೂ ಬೇಕಿರಲಿಲ್ಲ. ಮುಂಬಯಿಯ ಪೇಟೆಯಲ್ಲಿ ಹತ್ತು ಹನ್ನೆರಡು ಡಾಲರಿಗೆ ಸಿಗುತ್ತಿದ್ದ ಇಂಥ ಕೀಲಿಮಣೆ ಯಂತ್ರಕ್ಕೆ ಕಲಿಕೆಯ ಆಟಗಳನ್ನು ಬರೆಯಬೇಕೆಂದು ಪ್ಲೇಪವರ್ ಎಂಬ ಹೆಸರಿನಲ್ಲಿ ಕೆಲವು ವಿದೇಶೀ ಸಂಶೋಧಕರು 2008ರ ಸುಮಾರಿಗೆ ಹೊರಟರು. ಯಂತ್ರಕ್ಕೆ ಆಗ 25 ವರ್ಷ.

ಈಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ. ಊಯಾ ಸಚ್ಚಾರಿತ್ರ್ಯದ ಯಂತ್ರ. ಆಟ ಬರೆದವರಿಗೆ ಪಾಲು ಕೊಟ್ಟಿತು. ಆರು ವರ್ಷದಲ್ಲಿ ಅದರ ಅಂಗಡಿ ಮುಚ್ಚಿ ಯಂತ್ರ ಅನಾಥವಾಯಿತು. ನಕಲಿ ಫ್ಯಾಮಿಕಾಮಿಗೆ ಕುಲಗೋತ್ರ ಕೇಳುವಂತಿಲ್ಲ. ಅದು ಆಟ ಬರೆದವರಿಗೆ ಬಿಡಿಕಾಸು ಕೊಡಲಿಲ್ಲ, ಆದರೂ ಅಟ್ಟದಿಂದ ಇಳಿಸಿ ಟೆಲಿವಿಷನ್ನಿಗೆ ಸಿಕ್ಕಿಸಿದರೆ ಇಂದಿಗೂ ಆಡುತ್ತದೆ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಎಷ್ಟು ಪ್ರಕಾಶಕರ ಹೆಸರುಗಳಿವೆ, ಅವರಲ್ಲಿ ಎಷ್ಟು ಮಂದಿ ಇಂದು ಉಳಿದಿದ್ದಾರೆ? ಪ್ರಕಾಶಕ ಹೋದನೆಂದು ಪುಸ್ತಕದ ಅಕ್ಷರ ಅಳಿಸುವುದಿಲ್ಲ. ಓದುಗನು ಪ್ರತಿ ಅಧ್ಯಾಯಕ್ಕೂ ಪ್ರಕಾಶಕನ ಕಚೇರಿಯನ್ನು ಕೇಳಿ ಪುಟ ತಿರುವಬೇಕೆಂದಿದ್ದರೆ ಎಂಟಾಣೆಯ ಪುಸ್ತಕವೂ ದುಬಾರಿಯೇ ಆಗುತ್ತಿತ್ತು. ಹೊಸ ತಯಾರಕರ ಅಗ್ಗದ ಯಂತ್ರಗಳಲ್ಲಿ ಅನೇಕವು ಮಾಡಿದ್ದು ಈ ಕರಾರನ್ನೇ.

ಇಷ್ಟು ಹೇಳಿದರೆ ನಕಲನ್ನು ಹೊಗಳಿದಂತಾಯಿತಲ್ಲವೇ ಎಂದು ಯಾರಾದರೂ ಕೇಳಬಹುದು. ಆಕ್ಷೇಪಣೆ ನ್ಯಾಯವಾದುದೇ. ಫ್ಯಾಮಿಕಾಮ್ ಯಂತ್ರದ ಪೇಟೆಂಟುಗಳ ಅವಧಿ ಮುಗಿದಿದೆ. ಯಂತ್ರವನ್ನು ಇಂದು ಯಾರಾದರೂ ಮಾಡಬಹುದು. ಆಟಗಳ ಹಕ್ಕುಸ್ವಾಮ್ಯ ಮುಗಿದಿಲ್ಲ. ಬರೆದವನ ಪಾಲನ್ನು ನುಂಗಿದ ಪೇಟೆಯಲ್ಲಿ ಬರೆಯುವವರು ಹುಟ್ಟುವುದಿಲ್ಲ ಎಂಬುದಕ್ಕೆ ನಮ್ಮ ದೇಶವೇ ಸಾಕ್ಷಿ: ಇಷ್ಟು ಮನೆಗಳಲ್ಲಿ ಇಷ್ಟು ವರ್ಷ ಆ ಪೆಟ್ಟಿಗೆ ಇದ್ದೂ ಅದಕ್ಕೆಂದು ಕನ್ನಡದಲ್ಲಿ ಆಟ ಬರೆದು ಜೀವನ ಮಾಡುವ ಒಂದು ಕಸುಬು ಬೆಳೆಯಲಿಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರ‍್ಯಾಕ್ಟಿವ್ ಸಂಸ್ಥೆಯ ಕಲಾವಿದರು ಹೊರದೇಶದ ದುಬಾರಿ ಯಂತ್ರಗಳ ಆಟಗಳಿಗೆ ಚಿತ್ರ ಬರೆದು ಹೆಸರಾದರು. 2019ರಲ್ಲಿ ಆ ಸಂಸ್ಥೆಯನ್ನು ರಾಕ್‌ಸ್ಟಾರ್ ಕೊಂಡಿತು. ಅವರು ಚಿತ್ರ ಬರೆದ ಆಟಗಳನ್ನು ಆಡುವ ಯಂತ್ರ ಅವರ ನೆರೆಹೊರೆಯಲ್ಲಿ ಎಷ್ಟು ಮನೆಗಳಲ್ಲಿ ಇತ್ತು?

ಅಷ್ಟರಲ್ಲಿ ಜೇಬಿನ ಟೆಲಿಫೋನು ಬಂದು ಜಗಳವನ್ನೇ ಮುಗಿಸಿತೆನ್ನುವವರಿದ್ದಾರೆ. 2016ರ ನಂತರ ಡೇಟಾ ಅಗ್ಗವಾದ ಮೇಲೆ ಭಾರತದ ಮಕ್ಕಳಿಗೆ ಆಟದ ಯಂತ್ರವೆಂದರೆ ಮೊಬೈಲೇ ಎಂಬುದು ಸುಳ್ಳಲ್ಲ. ನಕಲಿ ಫ್ಯಾಮಿಕಾಮ್ ಮಾರಿದವನ ಬಳ್ಳಿಯೇ ಮೊಬೈಲಾಗಿ ಹಬ್ಬಿದ್ದನ್ನು ಮೇಲೆ ನೋಡಿದೆವು. ಆದರೆ ಮೊಬೈಲಿನ ಆಟ ಬಿಟ್ಟಿಯಾಗಿರುವುದು ಮಗುವಿನ ಗಮನವನ್ನು ಜಾಹೀರಾತಿಗೆ ಒತ್ತೆ ಇಟ್ಟು. ಐದು ನಿಮಿಷಕ್ಕೊಮ್ಮೆ ಏನನ್ನಾದರೂ ಕೊಳ್ಳೆಂದು ಕೇಳುವ ಆಟಕ್ಕೂ, ಕ್ಯಾಸೆಟ್ ಹಾಕಿದೊಡನೆ ತೆರೆದು ಆಡಿ ಮುಗಿಸಿ ಎದ್ದುಹೋಗಬಹುದಾದ ಆಟಕ್ಕೂ ಇರುವ ವ್ಯತ್ಯಾಸವನ್ನು ಉಪಾಧ್ಯಾಯರಾದ ವಾಚಕರಿಗೆ ವಿವರಿಸಬೇಕಾಗಿಲ್ಲ. ಅಗ್ಗದ ಪೆಟ್ಟಿಗೆಗೆ ಇನ್ನೂ ಒಂದು ಸ್ಥಾನವಿದೆ ಎಂದು ನಾವು ಹೇಳುವುದು ಈ ಕಾರಣದಿಂದ.

ಈಗ ಆ ಸ್ಥಾನದ ಸುತ್ತ ಮೂರು ಬಗೆಯ ತಯಾರಕರು ಕಾಣುತ್ತಾರೆ. ಚೀನದ ಆನ್‌ಬರ್ನಿಕ್, ಮಿಯೂ ಮೊದಲಾದವರ ಅಂಗೈ ಯಂತ್ರಗಳು ಹಳೆಯ ಕಾಲದ ಆಟಗಳನ್ನು ಅನುಕರಿಸಿ ಆಡಿಸುತ್ತವೆ. ಕೆಲವು ಮಾದರಿಗಳು ಐವತ್ತು ಅರವತ್ತು ಡಾಲರಿಗೇ ಸಿಕ್ಕಿವೆ. ಮಿಯೂ ಮಿನಿ ಎಂಬ ಯಂತ್ರಕ್ಕೆ ಕೊಂಡವರೇ ಸೇರಿ ತಯಾರಕನದಕ್ಕಿಂತ ಉತ್ತಮವಾದ ತಂತ್ರಾಂಶ ಬರೆದುಕೊಂಡರು. ನಾಳೆ ತಯಾರಕನು ಬಾಗಿಲು ಹಾಕಿದರೂ ಅದು ನಡೆಯುತ್ತದೆ. ಆಯುಷ್ಯದ ಪರೀಕ್ಷೆಯಲ್ಲಿ ಇದು ಗೆದ್ದಿತು. ಆದರೆ ಇಂಥ ಯಂತ್ರಗಳೊಡನೆ ಸಾವಿರಾರು ಆಟಗಳನ್ನು ಅನುಮತಿಯಿಲ್ಲದೆ ತುಂಬಿದ ಮೆಮೊರಿ ಕಾರ್ಡು ಮಾರುವ ಅಭ್ಯಾಸ ಹಳೆಯ ಕ್ಯಾಸೆಟ್ಟಿನ ಪಾಪವನ್ನೇ ಮುಂದುವರಿಸಿದೆ. 2025ರ ಮೇ ತಿಂಗಳಲ್ಲಿ ಚೀನದಿಂದ ಬರುವ ಸಣ್ಣ ಪೊಟ್ಟಣಗಳಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ ರದ್ದು ಮಾಡಿದ ಸಂದರ್ಭದಲ್ಲಿ ಆನ್‌ಬರ್ನಿಕ್ ಅಲ್ಲಿಗೆ ಚೀನದಿಂದ ಕಳಿಸುವುದನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಸಣ್ಣ ಲಾಭದ ಮೇಲೆ ನಿಂತವನಿಗೆ ಒಂದು ಸುಂಕದ ಗಾಳಿಯೇ ಸಾಕು.

ಎರಡನೆಯದು ಅಮೆರಿಕದ ನೆಕ್ಸ್ ಪ್ಲೇಗ್ರೌಂಡ್. 2023ರ ಕೊನೆಯಲ್ಲಿ ಬಂದ ಈ ಸಣ್ಣ ಘನಾಕೃತಿಗೆ ಕೈಯಲ್ಲಿ ಹಿಡಿಯುವ ಗುಂಡಿಗಳಿಲ್ಲ. ಒಂದು ಕ್ಯಾಮೆರಾ ಇದೆ, ಮಕ್ಕಳು ಟೆಲಿವಿಷನ್ನಿನ ಮುಂದೆ ಕುಣಿದರೆ ಅದೇ ಆಟ. 2025ರ ನವೆಂಬರಿನ ಹಬ್ಬದ ವಾರದಲ್ಲಿ ಅಮೆರಿಕದಲ್ಲಿ ಇದು ಎಕ್ಸ್‌ಬಾಕ್ಸ್‌ಗಿಂತ ಹೆಚ್ಚು ಮಾರಾಟವಾಯಿತೆಂದು ಪೇಟೆಯ ಲೆಕ್ಕ ಬರೆಯುವವರು ಹೇಳಿದಾಗ ಆಶ್ಚರ್ಯಪಡದವರು ಕಡಮೆ. ದೊಡ್ಡವರೊಡನೆ ಚಿತ್ರದ ಸೊಗಸಿನಲ್ಲಿ ಪೈಪೋಟಿ ಮಾಡದೆ, ಅವರು ಮರೆತಿದ್ದ ಚಿಕ್ಕ ಮಕ್ಕಳ ಸಂಸಾರವನ್ನು ಇವರು ಕಂಡುಕೊಂಡರು. ಪೆಟ್ಟಿಗೆಯ ಬೆಲೆ ಆಗ 249 ಡಾಲರ್. ಅದರೊಡನೆ ಬರುವುದು ಐದು ಆಟ. ಉಳಿದವಕ್ಕೆ ವರ್ಷಕ್ಕೆ 89 ಡಾಲರ್ ಚಂದಾ. ಗೆಲುವಿನ ಸಂಭ್ರಮದ ನಡುವೆ ನಮ್ಮ ಹಳೆಯ ಪ್ರಶ್ನೆಯನ್ನು ಇಲ್ಲಿಯೂ ಕೇಳಬೇಕು: ಚಂದಾ ನಿಂತ ದಿನ ಈ ಮನೆಯಲ್ಲಿ ಉಳಿಯುವ ಆಟ ಎಷ್ಟು?

ಮೂರನೆಯವರು ಪ್ಲೇಡೇಟ್ ತಯಾರಿಸಿದ ಪ್ಯಾನಿಕ್ ಎಂಬ ಸಣ್ಣ ಸಂಸ್ಥೆ. 2022ರಲ್ಲಿ ಬಂದ ಈ ಹಳದಿ ಬಣ್ಣದ ಅಂಗೈ ಯಂತ್ರಕ್ಕೆ ಕಪ್ಪು ಬಿಳುಪಿನ ಪರದೆ, ಪಕ್ಕದಲ್ಲಿ ತಿರುವಲು ಒಂದು ಹಿಡಿಕೆ. ಆಟ ಬರೆಯುವ ಸಲಕರಣೆಗಳನ್ನು ಅವರು ಎಲ್ಲರಿಗೂ ಉಚಿತವಾಗಿ ಕೊಟ್ಟಿದ್ದಾರೆ. ಬರೆದವನು ತನ್ನ ಆಟವನ್ನು ತಾನೇ ಮಾರಬಹುದು. ಕೊಂಡವನು ತಂತಿ ಸಿಕ್ಕಿಸಿ ಯಂತ್ರಕ್ಕೆ ತುಂಬಿಕೊಳ್ಳಬಹುದು. ಬರೆದವನ ಪಾಲೂ ಉಳಿಯಿತು, ಕೊಂಡವನ ಹಕ್ಕೂ ಉಳಿಯಿತು. ಬೆಲೆ ಮಾತ್ರ 179ರಿಂದ ಹೊರಟು 200 ಡಾಲರನ್ನು ದಾಟಿದೆ; ನಮ್ಮ ದೇಶದಲ್ಲಿ ಇದನ್ನು ಅಗ್ಗವೆನ್ನಲಾಗದು.

ಪ್ಲೇಡೇಟಿನ ಈ ಏರ್ಪಾಟನ್ನು ನಕಲಿ ಫ್ಯಾಮಿಕಾಮಿನ ಬೆಲೆಗೆ ಇಳಿಸಲು ಸಾಧ್ಯವೇ ಎಂಬುದು ಈಗ ಉಳಿದಿರುವ ಪ್ರಶ್ನೆ. ಯಂತ್ರದ ಕಡೆಯಿಂದ ಅಡ್ಡಿ ದೊಡ್ಡದಲ್ಲ. ಇಂಗ್ಲೆಂಡಿನ ರಾಸ್ಪ್‌ಬೆರಿ ಪೈ ಸಂಸ್ಥೆ 2021ರ ಜನವರಿಯಲ್ಲಿ ಬಿಡುಗಡೆ ಮಾಡಿದ ಪೀಕೋ ಎಂಬ ಬೆರಳುದ್ದದ ಹಲಗೆಯ ಬೆಲೆ 4 ಡಾಲರ್. ಹವ್ಯಾಸಿಗಳು ಅದರಿಂದಲೇ ಟೆಲಿವಿಷನ್ನಿಗೆ ಚಿತ್ರ ಕಳಿಸಿ ಆಟ ಆಡಿಸಿದ್ದಾರೆ. ಅದನ್ನು ಕುರಿತ ಮಾಹಿತಿ ಬೇಕಾದವರಿಗೆಲ್ಲ ತೆರೆದಿದೆ. ಹಳೆಯ ಫ್ಯಾಮಿಕಾಮ್ ಒಂದು ಸಲಕ್ಕೆ ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ 256 ಬಿಲ್ಲೆಗಳಲ್ಲಿ ಹಿನ್ನೆಲೆಯ ಚಿತ್ರವನ್ನೂ ಅಕ್ಷರವನ್ನೂ ಹೊಂದಿಸಬೇಕಾಗಿತ್ತು. ಇಂಗ್ಲಿಷಿನ 26 ಅಕ್ಷರಗಳಿಗೆ ಅಷ್ಟು ಸಾಕು. ಕಾಗುಣಿತ ಒತ್ತಕ್ಷರಗಳ ಕನ್ನಡಕ್ಕೆ ಆ ಚೌಕದಲ್ಲಿ ಕಾಲೂರಲು ಎಡೆಯಿರಲಿಲ್ಲ. ಪೀಕೋದಂಥ ಹಲಗೆಗೆ ಆ ತೊಡಕಿಲ್ಲ. ಇನ್ನು ಬೇಕಾಗಿರುವುದು ಒಂದು ಕವಚ, ಎರಡು ಗುಂಡಿಗಳ ಹಿಡಿಕೆ, ಕೈಯಿಂದ ಕೈಗೆ ದಾಟಿಸಬಹುದಾದ ಒಂದು ಕಾರ್ಡು, ಮತ್ತು ಆ ಕಾರ್ಡಿನ ಬೆಲೆಯಲ್ಲಿ ಆಟ ಬರೆದವನಿಗೆ ಸಲ್ಲುವ ನಾಲ್ಕಾರು ರೂಪಾಯಿ.